ಪ್ಲಗ್ಗಿಗೆ ಅಂಟಿಸಿದ ಸುರಕ್ಷತೆ

ವಿದ್ಯುತ್ ಉಪಕರಣಗಳ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯ ಹಸಿರು ಚೀಟಿ ಹೊತ್ತ ಇಸ್ತ್ರಿ ಪೆಟ್ಟಿಗೆಯೊಂದರಿಂದ ನನ್ನ ನಾದಿನಿಗೆ ಕರೆಂಟು ಹೊಡೆಯಿತು. ಅವಳ ಬಲಗೈಯ ಎರಡು ಬೆರಳು ಈಗ ಮಡಚಲು ಬರುವುದಿಲ್ಲ. ನಾನು ದೂರು ಕೊಟ್ಟರೆ, ಪೆಟ್ಟಿಗೆ ಸರಿಯಾಗಿದೆ, ಸರಿಯಿಲ್ಲದವಳು ನಾದಿನಿಯೇ ಎಂದು ತಾವು ಉತ್ತರ ಬರೆದಿದ್ದೀರಿ. ವಿಷಯ ಇಷ್ಟೇ. ಪುರುಸೊತ್ತಿಲ್ಲದ ದೊಡ್ಡವರು ಇಲ್ಲಿಗೇ ಓದು ನಿಲ್ಲಿಸಬಹುದು, ಮಿಕ್ಕವರಿಗಾಗಿ ಮುಂದೆ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ತಾವೇ ತಿದ್ದಿಕೊಳ್ಳಿ. ಅಷ್ಟನ್ನಾದರೂ ಪರೀಕ್ಷೆ ಮಾಡಿದ ಹಾಗಾಗುತ್ತದೆ.

ನಾವಿಬ್ಬರೂ ಸೈಕಲ್ ಅಂಗಡಿಯ ಮೇಲಿರುವ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇವೆ. ಕಾರ್ಖಾನೆ ಅಂದರೆ ಎರಡು ಕೋಣೆ, ಒಂದು ಕಿಟಕಿ, ಶಾಲೆ ಮಕ್ಕಳ ಸಮವಸ್ತ್ರದ ರಾಶಿ. ನಾನು ಕಿಟಕಿಯ ಹತ್ತಿರ ಕೂತು ಗುಂಡಿ ಹೊಲಿಯುತ್ತೇನೆ. ನಾದಿನಿ ಬಾಗಿಲ ಪಕ್ಕ ನಿಂತು ಲಂಗದ ನೆರಿಗೆಗಳಿಗೆ ಇಸ್ತ್ರಿ ಹಾಕುತ್ತಾಳೆ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಬೀದಿಗೆಲ್ಲ ಗೊತ್ತು. ಕಿಟಕಿ ತೆರೆದರೆ ಒದ್ದೆ ಮಾಡಿದ ಬಟ್ಟೆ ಆರಿಹೋಗುತ್ತದೆಂದು ಅವಳಿಗೆ ಸಿಟ್ಟು, ಮುಚ್ಚಿದರೆ ಸೂಜಿಯ ಕಣ್ಣು ಕಾಣುವುದಿಲ್ಲವೆಂದು ನನಗೆ ಸಿಟ್ಟು. ಆದ್ದರಿಂದ ನಂಟಿನ ಮಮತೆಗೆ ಬರೆಯುತ್ತಿದ್ದೇನೆಂದು ತಾವು ಅನುಮಾನಪಡಬೇಕಾಗಿಲ್ಲ. ಅವಳು ಕೂರಿಸಿದ ನೆರಿಗೆ ಮಾತ್ರ ಮಗು ದಿನವಿಡೀ ಕುಣಿದರೂ ಮುರಿಯುವುದಿಲ್ಲ. ಈ ಮಾತನ್ನು ಅವಳೆದುರು ನಾನು ಎಂದೂ ಹೇಳಿದವಳಲ್ಲ.

ಕಳೆದ ಬೇಸಿಗೆಯಲ್ಲಿ ತಮ್ಮ ಪರೀಕ್ಷಕರು ಬಂದಿದ್ದರು. ಸುಳ್ಳು ಹೇಳಬಾರದು, ಪರೀಕ್ಷೆಯನ್ನು ಚೆನ್ನಾಗಿಯೇ ಮಾಡಿದರು. ಮುಳ್ಳು ಆಡುವ ಡಬ್ಬಿಯೊಂದಕ್ಕೆ ಒಂದೊಂದೇ ಸಾಮಾನು ಸಿಕ್ಕಿಸಿ, ಕಣ್ಣು ಕಿರಿದು ಮಾಡಿ ನೋಡಿ, ಪಾಸಾದದ್ದಕ್ಕೆಲ್ಲ ಹಸಿರು ಚೀಟಿ ಅಂಟಿಸಿದರು. ಇಸ್ತ್ರಿ ಪೆಟ್ಟಿಗೆಯ ಮೈ ಕಾಯುತ್ತದೆ, ಅಲ್ಲಿ ಚೀಟಿ ನಿಲ್ಲುವುದಿಲ್ಲ. ಅದಕ್ಕೆ ಪ್ಲಗ್ಗಿನ ಬೆನ್ನಿಗೆ ಅಂಟಿಸಿದರು. ಚೀಟಿಯಿಲ್ಲದ ಸಾಮಾನು ಕಂಡರೆ ಬಾಗಿಲು ಹಾಕಿಸುತ್ತೇವೆ ಎಂದು ಗುಡುಗಿ ಹೋದರು. ಪ್ಲಗ್ಗನ್ನು ಬಿಚ್ಚಲು ಬರುತ್ತದೆ ಎಂಬುದು ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ನಮ್ಮ ಬೀದಿಯಲ್ಲಿ ಅದು ಸಂಜೆಯೊಳಗೆ ಎಲ್ಲರಿಗೂ ಹೊಳೆಯಿತು.

ಈಗ ಇಲ್ಲಿ ಸಾಮಾನು ಕೆಟ್ಟರೆ ಸಾಮಾನು ಗುಜರಿಗೆ, ಪ್ಲಗ್ಗು ಕಪಾಟಿಗೆ. ಅದಕ್ಕೆ ‘ಚೀಟಿ ಪ್ಲಗ್ಗು’ ಎಂದೇ ಹೆಸರು. ಕ್ಷೌರದಂಗಡಿಯವನ ಸತ್ತ ಫ್ಯಾನಿನ ಪ್ಲಗ್ಗು ಈಗ ಪಕ್ಕದ ಮನೆಯ ನೀರು ಕಾಯಿಸುವ ಕೆಟಲಿನ ಬಾಲದಲ್ಲಿದೆ. ಒಂದು ಜನ್ಮದಲ್ಲಿ ಮಾಡಿದ ಪುಣ್ಯ ಮುಂದಿನ ಜನ್ಮಕ್ಕೆ ಬರುತ್ತದೆ ಎನ್ನುತ್ತಾರಲ್ಲ, ತಮ್ಮ ಇಲಾಖೆ ಅದನ್ನು ಮಾಡಿ ತೋರಿಸಿತು. ನಮ್ಮ ಯಜಮಾನನೂ ಕೆಟ್ಟ ಇಸ್ತ್ರಿ ಪೆಟ್ಟಿಗೆಯ ಚೀಟಿ ಪ್ಲಗ್ಗನ್ನು ಬಿಚ್ಚಿ, ಗುಜರಿಯಿಂದ ತಂದ ಇನ್ನೊಂದು ಪೆಟ್ಟಿಗೆಗೆ ತನ್ನ ಕೈಯಾರೆ ಕಟ್ಟಿದ. ಯಾವ ಮಾತಿಗೂ ‘ನಡೀತದೆ’ ಎನ್ನುವುದರಿಂದ ಬೀದಿಯಲ್ಲಿ ಅವನನ್ನು ನಡೀತದೆ ಯಜಮಾನ ಎಂದೇ ಕರೆಯುತ್ತಾರೆ.

ನಾದಿನಿ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. “ಯಜಮಾನ್ರೇ, ಇದರಲ್ಲಿ ಮೂರು ತಂತಿ ಇದಾವೆ. ನೀವು ಎರಡೇ ಕಟ್ಟಿದ್ರಲ್ಲ?”

“ಎರಡಕ್ಕೇ ಕಾಯುತ್ತಲ್ಲಮ್ಮ. ಮೂರನೇದು ಕಂಪನಿಯೋರು ಚೆಂದಕ್ಕೆ ಇಟ್ಟಿರ್ತಾರೆ. ನಡೀತದೆ.”

“ಆದ್ರೆ ಚೀಟಿ ಹಳೇ ಪೆಟ್ಟಿಗೇದು.”

“ಚೀಟೀಲಿ ಪೆಟ್ಟಿಗೆ ಫೋಟೊ ಏನಾದ್ರೂ ಇದ್ಯಾ? ನಡೀತದೆ, ಹಾಕು.”

ನಡೆಯಿತು. ನೆರಿಗೆಗೆ ನೀರು ಚಿಮುಕಿಸಿದ ಒದ್ದೆ ಕೈ ಪೆಟ್ಟಿಗೆಯ ತಗಡಿಗೆ ತಾಗುವವರೆಗೂ ನಡೆಯಿತು. ನಾದಿನಿ ಕೂಗಲಿಲ್ಲ, ಕೂಗಲು ದನಿಯೇ ಬರಲಿಲ್ಲವಂತೆ. ನಿಂತಲ್ಲೇ ಅದುರುತ್ತಿದ್ದಳು. ಹೊಲಿಗೆ ಮೆಷಿನ್ನಿನವಳು ಎದ್ದು ಗೋಡೆಯ ಸ್ವಿಚ್ಚು ಆರಿಸಿದ ಮೇಲೆಯೇ ಪೆಟ್ಟಿಗೆ ಅವಳ ಕೈ ಬಿಟ್ಟಿದ್ದು.

ಇನ್ನು ತಮ್ಮ ಉತ್ತರ. “ಸದರಿ ಉಪಕರಣದ ಮೇಲೆ ಊರ್ಜಿತ ಪರೀಕ್ಷಾ ಚೀಟಿ ಕಂಡುಬಂದಿರುವುದರಿಂದ ಉಪಕರಣವು ಸುರಕ್ಷಿತವಾಗಿದ್ದು, ಘಟನೆಯು ಬಳಕೆದಾರರ ಅಜಾಗರೂಕತೆಯಿಂದ ಸಂಭವಿಸಿರುತ್ತದೆ.” ಎಂಥ ಗಂಭೀರ ಭಾಷೆ. ಇದನ್ನು ಬರೆದವರು ಪೆಟ್ಟಿಗೆಯನ್ನು ಕಣ್ಣಿಂದ ಕಂಡಿದ್ದರೇ? ಇಲ್ಲ, ಯಜಮಾನ ಕಳಿಸಿದ ಪ್ಲಗ್ಗಿನ ಫೋಟೊ ಕಂಡಿದ್ದರು. ಟೋಪಿ ನೋಡಿ ತಲೆನೋವಿಲ್ಲ ಎನ್ನುವ ಡಾಕ್ಟರನ್ನು ನಾನು ಇನ್ನೂ ಕಂಡಿಲ್ಲ. ಒದ್ದೆ ಕೈಯಲ್ಲಿ ಮುಟ್ಟಿದ್ದು ಅಜಾಗರೂಕತೆಯಂತೆ. ನೀರಿಲ್ಲದೆ ನೆರಿಗೆ ಕೂರಿಸುವ ವಿದ್ಯೆ ತಮ್ಮ ಕಚೇರಿಯಲ್ಲಿದ್ದರೆ ದಯಮಾಡಿ ಬಂದು ಕಲಿಸಿಕೊಡಿ.

ತಮ್ಮ ಕಾಗದ ಬಂದದ್ದೇ ತಡ, ಯಜಮಾನ ಆ ಪೆಟ್ಟಿಗೆಯನ್ನು ಮತ್ತೆ ಮೇಜಿಗೆ ಏರಿಸಿದ. ಸೋಮವಾರದಿಂದ ಬಾ ಎಂದು ನಾದಿನಿಗೆ ಹೇಳಿ ಕಳಿಸಿದ. ಮಾರನೆಯ ಬೆಳಿಗ್ಗೆ ಗೋಡೆಯಾಚೆಯ ಅವಳ ಮನೆಗೆ ಹೋದರೆ, ಅಡುಗೆಮನೆಯ ಕಟ್ಟೆಯ ಮೇಲೆ ಹಳೇ ಸೀರೆ ಹಾಸಿಕೊಂಡು, ಎಡಗೈಯಲ್ಲಿ ಇಟ್ಟಿಗೆ ಹಿಡಿದು ಮೇಲಿಂದ ಕೆಳಕ್ಕೆ ತೀಡುತ್ತಿದ್ದಾಳೆ.

“ಏನೇ ಇದು ವೇಷ?” ಎಂದೆ.

“ಎಡಗೈಯಲ್ಲಿ ಇಸ್ತ್ರಿ ರೂಢಿ ಮಾಡ್ಕೋತಿದೀನಿ ಅತ್ತಿಗೆ. ಸೋಮವಾರ ಹೋಗ್ಬೇಕಲ್ಲ.”

“ಅದೇ ಪೆಟ್ಟಿಗೆ ಹಿಡಿಯೋಕಾ?”

“ಓದಿದೋರು ಸರಿ ಇದೆ ಅಂದ್ಮೇಲೆ ಸರೀನೇ ಇರುತ್ತೆ. ನಾನೇ ಎಲ್ಲೋ ತಪ್ಪಾಗಿ ಹಿಡಿದಿರಬೇಕು.”

ಮಾನ್ಯರೇ, ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗಿನಿಂದ ಅವಳ ಜೊತೆ ಜಗಳವಾಡಿದ್ದೇನೆ. ಒಂದೇ ಒಂದು ಸಲವೂ ತಪ್ಪು ತನ್ನದೆಂದು ಒಪ್ಪಿದವಳಲ್ಲ. ಒಂದು ಆಯಸ್ಸು ಹೋರಾಡಿ ನನ್ನಿಂದಾಗದ್ದನ್ನು ತಮ್ಮ ಕಚೇರಿ ಒಂದು ಸಾಲಿನಲ್ಲಿ ಮಾಡಿ ಮುಗಿಸಿತು. ಅಭಿನಂದನೆಗಳು.

ಅವತ್ತೇ ಕಾರ್ಖಾನೆಯ ಮೇಜಿನಿಂದ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ತಮ್ಮ ಕಚೇರಿಗೆ ಬಂದೆ. ಯಜಮಾನ ಇದನ್ನು ಕಳ್ಳತನ ಎನ್ನುತ್ತಿದ್ದಾನೆ. ಎನ್ನಲಿ, ಅದೂ ನಡೀತದೆ. ಮುಂದಿನ ಮೇಜಿನ ಗುಮಾಸ್ತ ಪ್ಲಗ್ಗನ್ನು ತಿರುಗಿಸಿ ನೋಡಿ, “ಅಜ್ಜಿ, ಚೀಟಿ ಅವಧಿ ಇನ್ನೂ ಇದೆ. ಮುಗಿಯೋವರೆಗೆ ಮತ್ತೆ ಟೆಸ್ಟ್ ಮಾಡೋ ಹಾಗಿಲ್ಲ” ಎಂದ.

“ಟೆಸ್ಟ್ ಬೇಡ ಬಿಡಪ್ಪ. ನಿನ್ನ ಅಂಗಿ ಕಾಲರ್ ಮುದುಡಿದೆ. ಅಲ್ಲೇ ಪ್ಲಗ್ ಹಾಕು, ಸ್ವಲ್ಪ ನೀರು ಚಿಮುಕಿಸಿ ತೀಡ್ಕೋ.”

ಅವನು ಪೆಟ್ಟಿಗೆ ನೋಡಿದ, ನನ್ನ ಮುಖ ನೋಡಿದ, ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡ. “ಬೇಡ ಅಜ್ಜಿ. ನಂಗೆ ಹೆಂಡ್ತಿ ಮಕ್ಕಳಿದಾರೆ.”

“ಸುರಕ್ಷಿತ ಅಂತ ನೀವೇ ಬರ್ದಿದೀರಲ್ಲೋ?”

“ಬರೆಯೋದು ಬೇರೆ ಅಜ್ಜಿ.”

ಅವನ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಇಡೀ ಕಚೇರಿಯಲ್ಲಿ ಆ ಪೆಟ್ಟಿಗೆಯನ್ನು ನಿಜವಾಗಿ ಪರೀಕ್ಷೆ ಮಾಡಿದವನು ಅವನೊಬ್ಬನೇ.

ಪೆಟ್ಟಿಗೆಯನ್ನು ತಮ್ಮ ಮೇಜಿನ ಮೇಲೆ, ತಮ್ಮ ನೀರಿನ ಲೋಟದ ಪಕ್ಕದಲ್ಲೇ ಇಟ್ಟು ಬಂದಿದ್ದೇನೆ. ತಾವು ಸಭೆಯಲ್ಲಿದ್ದಿರಂತೆ. ಪ್ಲಗ್ಗು ಬಿಚ್ಚಿಸಿ ನೋಡಿ, ಚೆಂದಕ್ಕಿಟ್ಟ ಆ ಮೂರನೇ ತಂತಿ ಎಲ್ಲಿಗೆ ಹೋಗಿದೆ ಎಂದು. ಅದಕ್ಕೂ ನಿಯಮ ಅಡ್ಡ ಬಂದರೆ ತಮ್ಮ ಅಂಗಿಯೊಂದಕ್ಕೆ ಅದರಲ್ಲೇ ಇಸ್ತ್ರಿ ಹಾಕಿ. ಧೈರ್ಯ ಸಾಲದಿದ್ದರೆ ಮತ್ತೆ ಪರೀಕ್ಷಕರನ್ನು ಕಳಿಸಿ, ನಮ್ಮ ಬೀದಿಯ ಒಂದೊಂದು ಸಾಮಾನನ್ನೂ ಹೊಸದಾಗಿ ನೋಡಿಸಿ, ಗುರುತನ್ನು ಸಾಮಾನಿನ ಮೈಗೇ ಕೊರೆಸಿ. ಬಾಲಕ್ಕೆ ಕಟ್ಟಬೇಡಿ.

ಆಮೇಲೆ ನನ್ನ ನಾದಿನಿಗೆ ಒಂದು ಕಾಗದ ಬರೆಯಿರಿ. ದೊಡ್ಡದು ಬೇಡ, ಹಸಿರು ಚೀಟಿಯಷ್ಟೇ ಅಗಲ ಸಾಕು. ‘ತಪ್ಪು ನಿನ್ನದಲ್ಲ’ ಎಂದಿಷ್ಟು ಬರೆದು ಸೀಲು ಒತ್ತಿ. ನಾನು ಬಾಯಿಬಿಟ್ಟು ಹೇಳಿ ನೋಡಿದೆ, ನಂಬಲಿಲ್ಲ. ನನ್ನ ಮಾತು ಯಾವತ್ತು ನಂಬಿದ್ದಾಳೆ? ತಮ್ಮದನ್ನಾದರೆ ನಂಬುತ್ತಾಳೆ. ಸೋಮವಾರಕ್ಕೆ ಮೊದಲು ತಲುಪಿಸಿ. ಇದನ್ನು ಬರೆಯುತ್ತಿರುವ ಹೊತ್ತಿಗೂ ಗೋಡೆಯಾಚೆ ಇಟ್ಟಿಗೆ ತೀಡುವ ಸದ್ದು ಕೇಳುತ್ತಿದೆ.

ಇಂತಿ,
ಮೈಮೇಲೆಲ್ಲೂ ಹಸಿರು ಚೀಟಿ ಇಲ್ಲದ ಕಾರಣ
ಯಾರೂ ಹೊಣೆ ಹೊರಬೇಕಿಲ್ಲದ,
ಗುಂಡಿ ಹೊಲಿಯುವ ಮುದುಕಿ