ಅಮ್ಮನ ಸರದಿ

ಅಪ್ಪಾ,

ನೀನು ತೀರಿಕೊಂಡ ಮೇಲೆ ಅಮ್ಮ ಮದುವೆಯಾದಳಲ್ಲ, ಆ ಲೈಲ್‌ನ ಮನೆಯಲ್ಲಿ ಮೊನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವಾಯಿತು. ಟರ್ಕಿ ಕೋಳಿಯ ಹೊಟ್ಟೆಗೆ ಅಮ್ಮ ಮೆಕ್ಕೆಜೋಳದ ಬ್ರೆಡ್ಡನ್ನೇ ತುಂಬಿದ್ದಳು. ನಿನಗಿಷ್ಟದ ಕಡಲ ಸಿಂಪಿಯ ಮಾಂಸ ಮಾತ್ರ ಹಾಕಿರಲಿಲ್ಲ.

“ಅವರಿಗೆ ಆಗಲ್ಲ ಕಣೆ,” ಅಂದಳು.

ಬೆಂದ ಕೋಳಿಯನ್ನು ಕತ್ತರಿಸಿ ಬಡಿಸುವ ಮೊದಲು ಒಬ್ಬೊಬ್ಬರೂ ತಮಗೆ ಸಿಕ್ಕ ಒಳ್ಳೆಯದೊಂದನ್ನು ನೆನೆಯುವ ನಮ್ಮ ಪದ್ಧತಿಯನ್ನು ನಾನೇ ಶುರುಮಾಡಿದೆ. ಅಮ್ಮನ ಸರದಿ ಬಂದಾಗ ಲೈಲ್ ಅವಳ ಕೈಮೇಲೆ ಕೈಯಿಟ್ಟ.

“ಅವಳದ್ದೂ ನಾನೇ ಹೇಳ್ತೀನಿ. ನಾನು ಸಿಕ್ಕಿದ್ದೇ ಅವಳ ಪುಣ್ಯ. ಅಲ್ವೇನೆ?”

ಅಮ್ಮ ನಕ್ಕಳು. ಅವನು ಚಾಕು ಎತ್ತಿಕೊಂಡ.

ಗ್ರೇವಿ ಬಡಿಸುವಾಗ ಅಮ್ಮನ ಅಂಗಿತೋಳು ಮೇಲೆ ಸರಿಯಿತು. ಮಣಿಕಟ್ಟಿನ ಸುತ್ತ ಬೆರಳುಗಳ ನೀಲಿ ಗುರುತಿತ್ತು. ನಿನ್ನ ತಂಗಿ ವರ್ನಾ ಅತ್ತೆಯೂ ಅದನ್ನು ನೋಡಿದಳು. ನೋಡಿ, ಗೆಣಸು ಬಹಳ ಚೆನ್ನಾಗಿದೆ ಅಂದಳು.

ಅಡುಗೆಮನೆಯಲ್ಲಿ ನಾನು ಪಿಸುಗುಟ್ಟಿದೆ: “ಅಮ್ಮಾ, ಕೋಟು ಹಾಕ್ಕೊ. ಈಗ್ಲೇ ನನ್ಜೊತೆ ಬಂದ್ಬಿಡು.”

“ಪೈ ಇನ್ನೂ ಬೇಯ್ತಾ ಇದೆ, ಮಗಳೇ.”

ತಿರುಗಿದರೆ ಬಾಗಿಲಲ್ಲಿ ಲೈಲ್ ನಿಂತಿದ್ದ. ನನ್ನ ಕೋಟು ತಂದಿದ್ದ.

“ಹೊರಟ್ಯಾ? ಬಾ, ನಾನೇ ಹಾಕ್ತೀನಿ,” ಎಂದು ಬಿಡಿಸಿ ಹಿಡಿದ.

ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಇದ್ದಳು. ನಾನು ಕೋಟಿನ ತೋಳುಗಳಿಗೆ ಕೈ ತೂರಿಸಿದೆ.

“ಊಟಕ್ಕೆ ಥ್ಯಾಂಕ್ಸ್, ಲೈಲ್,” ಅಂದೆ.