ಗೇಟಿನ ಕೋಣೆಯಲ್ಲಿ ಮೂವರು

ಏಪ್ರಿಲ್ 2, ಬೆಳಿಗ್ಗೆ

ರಿಸೆಪ್ಷನ್‌ನಲ್ಲಿರುವ ಅಣೆಕಟ್ಟಿನ ಮಾದರಿಯೊಳಗೆ ಹಲ್ಲಿಯೊಂದು ಬಿದ್ದು ಸತ್ತಿತ್ತು. ಪುಟ್ಟ ಟರ್ಬೈನಿಗೆ ಬಾಲ ಸುತ್ತಿಕೊಂಡಿತ್ತು. ರಿಸೆಪ್ಷನಿಸ್ಟ್ ಪೆನ್ಸಿಲಿನಿಂದ ಎತ್ತಿ, ಮೂಗು ಮುಚ್ಚಿಕೊಂಡು, "ನೋಡೇ, ಪವರ್ ಅಂದ್ರೆ ಇದು" ಎಂದಳು. ನಗಬೇಕೋ ಬೇಡವೋ ತಿಳಿಯದೆ ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತೆ.

ನಮ್ಮದು ಜಲವಿದ್ಯುತ್ ಕಂಪನಿಗಳ ರಾಷ್ಟ್ರೀಯ ಒಕ್ಕೂಟ. ಇಲ್ಲಿ ಯಾರೂ ಕರೆಂಟ್ ತಯಾರಿಸುವುದಿಲ್ಲ. ತಯಾರಿಸುವವರನ್ನು ಹೊಗಳುತ್ತೇವೆ — ಮಾಸಿಕದಲ್ಲಿ, ಭಾಷಣದಲ್ಲಿ, ಬಣ್ಣದ ಕ್ಯಾಲೆಂಡರಿನಲ್ಲಿ. ಹೊಗಳಿಕೆ ಬರೆಯುವ ಕೆಲಸ ನನ್ನದು. ಕೊಡಿಸಿದವರು ಸೋದರಮಾವ, ಒಕ್ಕೂಟದ ಕಾರ್ಯದರ್ಶಿ. ಮನೆಯಲ್ಲಿ ಮಾವ, ಇಲ್ಲಿ ಸರ್. ಅಪ್ಪ ಹೋದ ಮೇಲೆ ಅಮ್ಮನೂ ನಾನೂ ಇರುವುದು ಅವರ ಮನೆಯ ಮಹಡಿಕೋಣೆಯಲ್ಲೇ.

"ಸಾಹಿತ್ಯ ಓದಿದವಳಲ್ವೇನೇ, ಕಣ್ಣಲ್ಲಿ ನೀರು ಬರೋ ಹಾಗೆ ಬರಿ. ನಮ್ಮದೂ ನೀರಿನ ವ್ಯಾಪಾರವೇ ತಾನೆ" ಎಂದರು ಮಾವ. ಎಲ್ಲರೂ ನಕ್ಕರು. ಅದೇ ಗಳಿಗೆಯಲ್ಲಿ ವಾರ್ಷಿಕ ಸಮಾವೇಶದ ಆಹ್ವಾನಪತ್ರಿಕೆಯಲ್ಲಿ ಅಧ್ಯಕ್ಷರ ಫೋಟೊ ತಲೆಕೆಳಗಾಗಿ ಅಚ್ಚಾಗಿದ್ದನ್ನು ಕಂಡರು. ಸ್ಟೇಪ್ಲರ್ ಎಸೆದರು. ಅಟೆಂಡರನ ಹಣೆ ಒಡೆಯಿತು. ಆಮೇಲೆ ತಮ್ಮ ಕರವಸ್ತ್ರವನ್ನೇ ಒತ್ತಿ ಹಿಡಿದು, "ಬಗ್ಗಬಾರದಾ ಮಾರಾಯ" ಎಂದರು. ಅದಕ್ಕೂ ನಕ್ಕರು. ಅಟೆಂಡರನೂ.

ಏಪ್ರಿಲ್ 9, ಸಂಜೆ — ಅಣೆಕಟ್ಟಿನ ಗೆಸ್ಟ್‌ಹೌಸ್

ನಾಳೆ ವಾರ್ಷಿಕ ಸಮಾವೇಶ. ಪ್ರತಿ ವರ್ಷ ಒಂದೊಂದು ಅಣೆಕಟ್ಟು. ಭಾಷಣದ ಕೊನೆಯಲ್ಲಿ ಮುಖ್ಯ ಅತಿಥಿ ವೇದಿಕೆಯ ಮೇಲಿನ ಕೆಂಪು ಗುಂಡಿ ಒತ್ತುತ್ತಾರೆ, ಗೇಟುಗಳು ತೆರೆಯುತ್ತವೆ, ನೀರು ಧುಮುಕುತ್ತದೆ, ಚಪ್ಪಾಳೆ. ಇವತ್ತು ನೋಡಿದೆ — ಆ ಗುಂಡಿಗೆ ತಂತಿಯೇ ಇಲ್ಲ! ಅತಿಥಿ ಒತ್ತುವಾಗ ಮಾವ ವೈರ್‌ಲೆಸ್‌ನಲ್ಲಿ "ಹೂಂ" ಎನ್ನುತ್ತಾರೆ. ಗೇಟಿನ ಕೋಣೆಯಲ್ಲಿ ಕೂತವನು ನಿಜವಾದ ಗುಂಡಿ ಒತ್ತುತ್ತಾನೆ. ಎಲ್ಲ ವರ್ಷವೂ ಹೀಗೇ ಅಂತೆ.

ಅವನನ್ನು ಎಲ್ಲರೂ ಕರೆಯುವುದು ಗೇಟಣ್ಣ ಅಂತ. ಗೇಟು ಎತ್ತುವ ಮುಂಚೆ ಮೂರು ಸಲ ಸೈರನ್ ಕೂಗಿಸಬೇಕು, ನಡುವೆ ಕಾಯಬೇಕು. ಕೆಳಗೆ ನದಿಪಾತ್ರದ ಬಂಡೆಗಳ ಮೇಲೆ ಹೋಟೆಲುಗಳ ಬಟ್ಟೆ ಒಗೆಯುವವರು ಇರುತ್ತಾರೆ, ಅವರು ದಡ ಹತ್ತಬೇಕು. "ಹೆಂಡ್ತಿ ಕೂಗಿದ್ರೆ ಏಳದವ್ನೂ ಇದಕ್ಕೆ ಎದ್ದು ಓಡ್ತಾನೆ ಮೇಡಂ" ಎಂದು ನಕ್ಕ.

ರಿಹರ್ಸಲ್‌ನಲ್ಲಿ ಸೈರನ್ ಕೂಗಿತು. ಮೈಕಿನಲ್ಲಿದ್ದ ಭಾಷಣ ಮುಳುಗಿಹೋಯಿತು. ಕ್ಯಾಮೆರಾದವನು ಕಿವಿಯಿಂದ ಹೆಡ್‌ಫೋನ್ ಕಿತ್ತು ಬೈದ. ಮಾವ ದಡದಡ ಮೆಟ್ಟಿಲು ಹತ್ತಿ ಗೇಟಿನ ಕೋಣೆಗೆ ನುಗ್ಗಿದರು. ಭಾಷಣದ ಫೈಲ್ ಹಿಡಿದು ನಾನು ಹಿಂದೆ. ಕೋಣೆಯಲ್ಲಿ ಮೂವರೇ.

"ನಾಳೆ ಇದು ಊಳಿಡಬಾರದು."

"ಸಾರ್, ಕೆಳಗೆ ಜನ ಇರ್ತಾರೆ."

"ನಮ್ಮ ಸೆಕ್ಯೂರಿಟಿಯವರನ್ನ ಕಳಿಸಿ ಖಾಲಿ ಮಾಡಿಸ್ತೀನಿ. ಸೈರನ್ ಪೆಟ್ಟಿಗೆ ಕೀ ಕೊಡು ಇಲ್ಲಿ."

"ಸಾರ್, ರೂಲ್ಸು…"

"ನಿಮ್ಮ ಎಂಡಿ ಇವತ್ತು ನನ್ನ ಜೊತೆಗೇ ಊಟಕ್ಕೆ ಬಂದಿದ್ದಾರೆ. ಕರೀಲಾ?"

ಕೊಟ್ಟ. ಮಾವ ಕೋಟಿನ ಜೇಬಿಗೆ ಹಾಕಿಕೊಂಡು ಅವನ ಬೆನ್ನು ತಟ್ಟಿದರು. ಗೇಟಣ್ಣ ನನ್ನ ಕಡೆ ನೋಡಿದ, ಏನಾದರೂ ಹೇಳುತ್ತೇನೋ ಅಂತ. ಫೈಲಿನ ದಾರ ಬಿಗಿ ಮಾಡಿದೆ.

ಏಪ್ರಿಲ್ 10

ಬರೆಯಲು ಆಗುತ್ತಿಲ್ಲ. ಬರೆಯದಿದ್ದರೆ ಕಣ್ಣು ಮುಚ್ಚಲೂ ಆಗದು.

ನೀರು ಬಿತ್ತು. ನೆಲ ನಡುಗಿತು. ಚಪ್ಪಾಳೆ. ಕೆಳಗೆ ಬಂಡೆಗಳ ಮೇಲೆ ಬಿಳಿ ಬೆಡ್‌ಶೀಟುಗಳು ಒಣಗುತ್ತಿದ್ದವು. ಒಂದೇ ಸಲಕ್ಕೆ ಎದ್ದವು. ನೀರಿನ ಮೇಲೆ ಬಿಚ್ಚಿಕೊಂಡು ತೇಲಿದವು. ಚೆಂದ ಕಂಡಿತು — ದೇವರೇ, ಚೆಂದ ಕಂಡಿತು. ಕಾರ್ಯಕ್ರಮದ್ದೇ ಒಂದು ಭಾಗ ಅಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಶೀಟಿನೊಳಗಿಂದ ಕೈ. ಹೆಂಗಸೊಬ್ಬಳು ಬಂಡೆಯ ತುದಿ ಹಿಡಿದಳು. ನೀರು ಅವಳನ್ನು ಎತ್ತಿ ಅದೇ ಬಂಡೆಗೆ ಬಡಿಯಿತು. ಮತ್ತೆ ಎತ್ತಿತು. ಮತ್ತೆ. ಮೂರನೆಯ ಸಲಕ್ಕೆ ಅವಳಿಗೆ ಮುಖ ಇರಲಿಲ್ಲ. ಹಿಂದಿನ ಸಾಲಿನವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಸೆಕ್ಯೂರಿಟಿಯವರು ಕೆಳಗೆ ಹೋಗಿರಲೇ ಇಲ್ಲ. ಅತಿಥಿಗಳ ಕಾರು ನಿಲ್ಲಿಸುತ್ತಿದ್ದರು.

ಏಪ್ರಿಲ್ 11, ಮಧ್ಯಾಹ್ನ

ಬೆಳಿಗ್ಗೆ ಒಗೆಯುವವರ ಮನೆಯವರೆಲ್ಲ ಅಣೆಕಟ್ಟಿಗೆ ಬಂದರು. ಗೇಟಣ್ಣ ಓಡಲಿಲ್ಲ. ಕೈ ಮುಗಿದು, "ಕೀ ನನ್ನ ಹತ್ರ ಇರ್ಲಿಲ್ಲ" ಎನ್ನುತ್ತಿದ್ದ. ಬಟ್ಟೆ ಕುಟ್ಟುವ ದೊಣ್ಣೆಗಳು. ಬಟ್ಟೆ ಕುಟ್ಟುವ ಹಾಗೇ ಕುಟ್ಟಿದರು — ಒಬ್ಬರಾದ ಮೇಲೆ ಒಬ್ಬರು, ಉಸಿರು ಬಿಟ್ಟು ಉಸಿರು ಎಳೆದು. ಮುದುಕನೊಬ್ಬ ಅಳುತ್ತಲೇ ಹೊಡೆಯುತ್ತಿದ್ದ. ಪೊಲೀಸರು ಬಂದು ಬಿಡಿಸುವ ಹೊತ್ತಿಗೆ ಗೇಟಣ್ಣನ ಎಡಗಣ್ಣು ಇರಬೇಕಾದಲ್ಲಿ ಇರಲಿಲ್ಲ. ಆಮೇಲೆ ಪೊಲೀಸರು ಆ ಮುದುಕನನ್ನು ಹೊಡೆದರು.

ನಮ್ಮ ಬಸ್ಸಿಗೆ ಕಲ್ಲು ಬಿತ್ತು. ಗಾಜು ಪುಡಿಪುಡಿ. ಡ್ರೈವರ್ ಹಣೆಯಿಂದ ಸುರಿಯುತ್ತಿದ್ದ ರಕ್ತವನ್ನು ತೋಳಿನಿಂದ ಒರೆಸಿಕೊಳ್ಳುತ್ತಲೇ ಓಡಿಸಿದ. "ಯಾರೂ ತಲೆ ಎತ್ತಬೇಡಿ. ಎತ್ತಿದವ್ರ ತಲೆಗೆ ನಾನು ಜವಾಬ್ದಾರ ಅಲ್ಲ" ಎಂದು ಕೂಗುತ್ತಿದ್ದ.

ಸೀಟಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಮಾವ ನನ್ನ ಮೊಣಕಾಲಿನ ಮೇಲೆ ಪ್ಯಾಡ್ ಇಟ್ಟರು. "ಬರಿ. ಗೇಟ್ ನಿರ್ವಾಹಕನ ನಿರ್ಲಕ್ಷ್ಯದಿಂದ… ಸೈರನ್ ಕೀಯನ್ನು ಆತ ಕಳೆದುಕೊಂಡಿದ್ದು ತಿಳಿದುಬಂದಿದೆ… ಆಮೇಲೆ ಸಂತಾಪ, ಅದು ನಿನಗೇ ಚೆನ್ನಾಗಿ ಬರುತ್ತೆ."

ಬರೆದೆ. ಕೂದಲಿಂದ ಗಾಜಿನ ಚೂರು ಕಾಗದದ ಮೇಲೆ ಬೀಳುತ್ತಿತ್ತು. ಊದಿ ಊದಿ ಬರೆದೆ.

ಏಪ್ರಿಲ್ 19

ಎಂಟು ದಿನ ಇದನ್ನು ತೆರೆಯಲಿಲ್ಲ. ನನ್ನ ಸಂತಾಪ ಎಲ್ಲ ಪತ್ರಿಕೆಗಳಲ್ಲಿ ಬಂದಿದೆ. ಒಂದಕ್ಷರವೂ ಬದಲಾಗಿಲ್ಲ.

ಗೇಟಣ್ಣನ ಹೆಂಡತಿ ಇವತ್ತು ಆಫೀಸಿಗೆ ಬಂದಳು. ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಮಾವ ಎದ್ದು ಕುರ್ಚಿ ಎಳೆದು ಕೊಟ್ಟರು. "ಕೂತ್ಕೋ ತಾಯಿ. ಮೊದಲು ನೀರು ಕುಡಿ."

ಅವಳು ಲೋಟ ತೆಗೆದುಕೊಂಡು ಅವರ ಮುಖಕ್ಕೇ ಎರಚಿದಳು. "ನಿಮ್ಮ ನೀರು ಸಾಕು! ಕೀ ತಗೊಂಡವ್ರು ಯಾರು, ಹೇಳಿ ಇಲ್ಲಿ ಎಲ್ಲರ ಮುಂದೆ!"

ಸೆಕ್ಯೂರಿಟಿಯವನು ಜಡೆ ಹಿಡಿದು ಎಳೆದ. ಅವಳು ಅವನ ಮುಂಗೈ ಕಚ್ಚಿದಳು, ಮಾಂಸ ಬರುವ ಹಾಗೆ. ಅವನು ತೋಳು ತಿರುಚಿದ. ಒಣಕಡ್ಡಿ ಮುರಿದಂಥ ಸದ್ದು. ಅವಳು ಕಿರುಚಲಿಲ್ಲ. ನೆಲದ ಮೇಲೆ ಕೂತು ಆ ತೋಳನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, "ಅವ್ರು ಬದುಕಿದ್ರೂ ಜೈಲು, ಹೊರಗೆ ಬಂದ್ರೆ ಸಾವು. ಇನ್ನೊಬ್ಬರು ಇದ್ರಂತೆ ಆ ಕೋಣೇಲಿ. ಯಾರೋ ಮೇಡಂ" ಎಂದಳು.

ರಿಸೆಪ್ಷನಿಸ್ಟ್ ನನ್ನ ಮುಖ ನೋಡಿದಳು. ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ.

ಏಪ್ರಿಲ್ 22

ಊಟದ ಹೊತ್ತು. ಅತ್ತೆ ಬಡಿಸುತ್ತಿದ್ದರು. ಮಾವ ವಿಚಾರಣೆಯ ಮಾತೆತ್ತಿದರು. "ಅವನ ವಕೀಲ ಹಿಂದಿನ ಸಂಜೆ ನಾನು ಗೇಟಿನ ಕೋಣೆಗೇ ಹೋಗಿದ್ದೆ ಅಂತಾನೆ. ಆ ಹೊತ್ತಿಗೆ ನಾವಿಬ್ಬರೂ ಗೆಸ್ಟ್‌ಹೌಸಲ್ಲಿ ಭಾಷಣ ತಿದ್ದುತ್ತಾ ಕೂತಿದ್ವಲ್ಲ? ನೀನು ಅಷ್ಟು ಹೇಳಿದ್ರೆ ಮುಗೀತು."

ಅನ್ನ ಕಲೆಸುತ್ತಿದ್ದೆ. ನನ್ನ ದನಿ ನನಗೇ ಕೇಳಿಸಿತು. "ಇಲ್ಲ ಮಾವ. ಕೀ ನೀವು ತಗೊಂಡ್ರಿ."

ಸ್ಟೀಲ್ ತಟ್ಟೆಯ ಅಂಚು ಕೆನ್ನೆಗೆ ಬಿತ್ತು. ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದೆ. ಅವರು ಮೇಜು ಸುತ್ತಿ ಬಂದು ಪಕ್ಕೆಗೆ ಒದ್ದರು. ಎರಡು ಸಲವೋ ಮೂರು ಸಲವೋ. "ಉಂಡ ಮನೆ ಜಂತೆ ಎಣಿಸ್ತೀಯಾ! ನಿಮ್ಮಪ್ಪ ಏನಿಟ್ಟು ಹೋಗಿದ್ದ ನಿನಗೆ?" ಅಮ್ಮ ನಡುವೆ ಬಂದಳು. ಅಕ್ಕ ಅನ್ನುವುದನ್ನೂ ನೋಡದೆ ಭುಜ ಹಿಡಿದು ಗೋಡೆಗೆ ನೂಕಿದರು. ಅವಳ ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು, ಕೆಳಗಿಡಲೂ ತೋಚದೆ.

ಆಮೇಲೆ ಮಾವನೇ ಫ್ರಿಜ್ಜಿನಿಂದ ಐಸ್ ತಂದು ಟವೆಲಿನಲ್ಲಿ ಸುತ್ತಿ ನನ್ನ ಕೆನ್ನೆಗೆ ಒತ್ತಿದರು. "ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೇ ನಿದ್ದೆ ಮಾಡ್ತಿದ್ದೆ ನೀನು. ನನ್ನನ್ನ ಯಾಕೆ ಹೀಗೆ ಮಾಡಿಸ್ತೀಯೇ?" ನಿಜವಾಗಿ ಅಳುತ್ತಿದ್ದರು. ಅದೇ ಹೆಚ್ಚು ಹೆದರಿಸಿತು.

ಮಹಡಿಗೆ ಬಂದ ಮೇಲೆ ಅಮ್ಮ, "ಬಾಯಿ ಯಾಕೆ ಹಾಕ್ದೆ?" ಎಂದಳು. ಸೆರಗಿನಿಂದ ಮಣಿಕಟ್ಟಿನ ರಕ್ತ ಒತ್ತಿಕೊಳ್ಳುತ್ತ, "ತಗೊಂಡಿದ್ದು ಹೌದಾ?"

"ಹೂಂ."

ದೀಪ ಆರಿಸಿದಳು.

ಮೇ 6

ಆಸ್ಪತ್ರೆಗೆ ಹೋಗಿದ್ದೆ. ಯಾರಿಗೂ ಹೇಳಿಲ್ಲ. ವಾರ್ಡಿನ ಬಾಗಿಲಲ್ಲಿ ಪೊಲೀಸಿನವನು, ಗೇಟಣ್ಣನ ಕಾಲಿಗೆ ಮಂಚದ ಜೊತೆ ಬೇಡಿ. ನೀರಿನಲ್ಲಿ ಸತ್ತವಳೊಬ್ಬಳ ಗಂಡ ಮೊನ್ನೆ ಸಂದರ್ಶಕರ ಜೊತೆ ಒಳಗೆ ಬಂದು ಕತ್ತರಿಯಿಂದ ಚುಚ್ಚಿದನಂತೆ. ಗಂಟಲಿಗೆ ಗುರಿ, ಬಿದ್ದದ್ದು ಹೆಗಲಿಗೆ. "ಗುರಿ ಸರಿ ಇದ್ದಿದ್ರೆ ನಿಮಗೆ ಬಸ್ ಚಾರ್ಜ್ ಉಳೀತಿತ್ತು ಮೇಡಂ" ಎಂದು ನಗಲು ನೋಡಿದ. ತುಟಿಯ ಹೊಲಿಗೆ ಎಳೆಯಿತು.

ಅವನಿಗೆ ಆ ಗಂಡನ ಮೇಲೆ ಕೋಪವಿಲ್ಲ. "ಗುಂಡಿ ಒತ್ತಿದ್ದು ನಾನೇ ಅಲ್ವಾ. ಕೆಳಗೆ ಖಾಲಿ ಆಗಿದೆ ಅಂದ್ಕೊಂಡೆ. ನಾನೂ ಎದ್ದು ಕಿಟಕೀಲಿ ನೋಡ್ಲಿಲ್ಲ. ಅದಕ್ಕೆ ಏನು ಕೊಟ್ರೂ ತಗೋತೀನಿ. ಕೀ ಕಳೆದವನು ಅಂತ ಮಾತ್ರ ಸಾಯೋಕೆ ಇಷ್ಟ ಇಲ್ಲ."

ನಾನು ಅವನ ಕಾಲಿನ ಬೇಡಿಯನ್ನೇ ನೋಡುತ್ತ ಕೂತೆ. ಹಾಳು ಸ್ವಭಾವ. ನಾನು ಎದ್ದಾಗ ಅವನು ಉಳಿದ ಒಂದು ಕಣ್ಣಿಂದ ನನ್ನ ಕೆನ್ನೆಯ ಇನ್ನೂ ಮಾಸದ ಕಪ್ಪು ನೋಡಿದ.

"ಬಿದ್ರಾ?"

"ಇಲ್ಲ. ಹೊಡೆದ್ರು."

"ಅವ್ರೇನಾ?"

ಹೂಂ ಎಂದು ತಲೆಯಾಡಿಸಿದೆ.

ಮೇ 8, ಬೆಳಿಗ್ಗೆ

ಹತ್ತೂವರೆಗೆ ವಿಚಾರಣೆ. ಮೊದಲ ಸಾಕ್ಷಿ ನಾನು. ಮಾವ ನಿನ್ನೆಯಿಂದ ಹೇಳಿಕೊಡುತ್ತಿದ್ದಾರೆ — ಗೆಸ್ಟ್‌ಹೌಸು, ಭಾಷಣ, ಇಬ್ಬರೂ ಅಲ್ಲೇ. ಚೆನ್ನಾಗಿ ಒಪ್ಪಿಸಿದೆ. ಸಂತೋಷಪಟ್ಟರು. ಕೆನ್ನೆಗೆ ಹಚ್ಚಿಕೊಳ್ಳಲು ಅತ್ತೆಯ ಪೌಡರ್ ಡಬ್ಬಿ ಕಳಿಸಿದರು. ಹಚ್ಚಿಕೊಂಡೆ.

ಬೆಳಗಾಗುತ್ತಲೇ ಅಮ್ಮನಿಗೆ ಹೇಳಿದೆ, "ನಾವು ಹೊರಟ ಮೇಲೆ ನೀನು ದೊಡ್ಡಮ್ಮನ ಮನೆಗೆ ಹೋಗಿಬಿಡು."

"ಯಾಕೆ" ಎನ್ನಲಿಲ್ಲ. "ಎಷ್ಟು ದಿನಕ್ಕೆ?" ಎಂದಳು.

"ವಾಪಸ್ ಇಲ್ಲಿಗೆ ಬರೋದಿಲ್ಲ ಅಮ್ಮ."

ಮಂಚದ ಅಂಚಿನಲ್ಲಿ ಕೂತಳು. ಮಣಿಕಟ್ಟಿನ ಗಾಯದ ಹಕ್ಕಳೆ ಕೆರೆದಳು. "ನನ್ನ ತಮ್ಮ ಕಣೇ ಅವನು" ಎಂದಳು, ಗೋಡೆಗೆ. ಎದ್ದು ಚೀಲ ತೆಗೆದು ತನ್ನ ಬಟ್ಟೆ ಹಾಕಿದಳು. ಆಮೇಲೆ ನನ್ನವು. ಅಪ್ಪನ ಫೋಟೊವನ್ನು ನಡುವೆ, ಒಡೆಯದ ಹಾಗೆ. "ಅವನು ನಿನ್ನನ್ನ ಅಲ್ಲೇ ಕೊಂದುಬಿಟ್ರೆ?"

"ತುಂಬಾ ಜನ ಇರ್ತಾರೆ ಅಮ್ಮ."

"ಅವತ್ತೂ ತುಂಬಾ ಜನ ಇದ್ರು."

ಚೀಲದ ಜಿಪ್ ಎಳೆದೆ. ಹೆದರಿಕೆ ಹೋಗಿಲ್ಲ.

ಕೆಳಗೆ ಹಾರ್ನ್. ಮಾವ ಕಾರಿನ ಎಡಬಾಗಿಲು ತೆರೆದು ಹಿಡಿದು ನಿಂತಿದ್ದಾರೆ, ನಗುತ್ತ. ಅವರ ಪಕ್ಕದಲ್ಲೇ ಕೂರುತ್ತೇನೆ. ದಾರಿಯುದ್ದಕ್ಕೂ ಹೇಳಿಕೊಟ್ಟದ್ದಕ್ಕೆಲ್ಲ ಹೂಂ ಅನ್ನುತ್ತೇನೆ. ಅಲ್ಲಿ ಎದ್ದು ನಿಂತು, ಹೆಸರು ಹೇಳಿದ ಮೇಲೆ, ಆ ಸಂಜೆ ಎಲ್ಲಿದ್ದೆ ಎಂದು ಕೇಳಿದಾಗ ಮಾತ್ರ ನಿಜ ಹೇಳುತ್ತೇನೆ: ಗೇಟಿನ ಕೋಣೆಯಲ್ಲಿ, ಮೂವರಿದ್ದೆವು.