ಬೆಳಗ್ಗೆ ಹಳೆಯದು, ಸಂಜೆ ಹೊಸದು

ಜೂನ್ 3, ಮಂಗಳವಾರ

ಮತ್ತೆ ಅದೇ ಬಿಳಿ ಪುಟ. ಅಕ್ಕನ ಆನ್‌ಲೈನ್ ಹೊಲಿಗೆ ಕ್ಲಾಸಿನ ಸೈಟಿನ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪಿನಲ್ಲಿ ನೀರು ಕುಡಿದಷ್ಟು ಸಲೀಸು. ಹೋಸ್ಟಿಂಗ್‌ಗೆ ಹಾಕಿದರೆ ಗೊಟಕ್. ಇದಕ್ಕೆ ಬೇಕಾದದ್ದು ಸೈಟು ಓಡಿಸುವ ಭಾಷೆಯ ಹೊಸ ವರ್ಷನ್, ಹೊಸ ಪಿಎಚ್‌ಪಿ. ಹೋಸ್ಟಿಂಗಿನವರ ಬಾಡಿಗೆ ಸರ್ವರಿನಲ್ಲಿರುವುದು ಓಬೀರಾಯನ ಕಾಲದ್ದು. ಮೊದಲೇ ನೋಡಬೇಕಿತ್ತು. ನೋಡದೆ "ಎಲ್ಲ ಆಗುತ್ತೆ ಬಿಡಕ್ಕ" ಎಂದುಬಿಟ್ಟೆ.

ಭಾವನ ಮನೆ ಬಿಟ್ಟು ಮೆಷಿನ್ ಸಮೇತ ಬಂದಿದ್ದಾಳೆ. "ಕ್ಲಾಸು ನಡೀತೋ, ಇಲ್ಲೇ ಇರ್ತೀನಿ. ಇಲ್ಲಾಂದ್ರೆ ವಾಪಸ್ ಹೋಗಿ ಅವರ ಮುಂದೆ ಕೈ ಚಾಚೋದು ಇದ್ದೇ ಇದೆ," ಎಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ.

ಜೂನ್ 4

ಕಂಟ್ರೋಲ್ ಪ್ಯಾನೆಲ್‌ನಲ್ಲಿ ವರ್ಷನ್ ಬದಲಿಸುವ ಜಾಗ ಸಿಕ್ಕಿತು. ಒಂದೇ ಕ್ಲಿಕ್. ಅಕ್ಕನ ಪುಟ ತೆರೆಯಿತು. "ನನ್ನ ಹೆಸರು ಬಂತಲ್ಲೋ!" — ಮಗುವಿನ ಹಾಗೆ ಕುಣಿದಳು.

ಸ್ವಲ್ಪ ಹೊತ್ತಿಗೆ, ನಾನು ಸೈಟು ನೋಡಿಕೊಳ್ಳುವ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರ ಫೋನು. "ಏನ್ರೀ, ನಮ್ಮ ಸೈಟು ಎಗರಿಹೋಯ್ತು? ಆರ್ಡರ್ ತಗೊಳ್ಳೋದು ಹೇಗೆ?" ಅವರದೂ ಅದೇ ಹೋಸ್ಟಿಂಗ್ ಅಕೌಂಟಿನಲ್ಲಿದೆ. ನಾನೇ ಯಾವಾಗಲೋ ಬರೆದದ್ದು, ಹೊಸ ಪಿಎಚ್‌ಪಿಯಲ್ಲಿ ಏಳುವುದಿಲ್ಲ. ಅಕೌಂಟಿಗೆ ಒಂದೇ ವರ್ಷನ್ — ಇಬ್ಬರಲ್ಲಿ ಒಬ್ಬರು ಮಲಗಲೇಬೇಕು. ಸಪೋರ್ಟಿನವನನ್ನು ಕೇಳಿದೆ. "ಸರ್, ಕ್ಯಾಶ್ ಕ್ಲಿಯರ್ ಮಾಡಿ ನೋಡಿ." ನಿನ್ನ ತಲೆ!

ಹಳೆಯದಕ್ಕೇ ತಿರುಗಿಸಿದೆ. ತಪ್ಪದೆ ಅನ್ನ ಹಾಕುತ್ತಿರುವುದು ಆ ಪ್ರೆಸ್ಸೊಂದೇ.

ಜೂನ್ 6, ಶುಕ್ರವಾರ

ದಾರಿ ಸಿಕ್ಕಿತು. ನಾಚಿಕೆಗೇಡಿನ ದಾರಿ. ಪ್ರೆಸ್ ಸಂಜೆ ಬಾಗಿಲು ಹಾಕುತ್ತದೆ, ಅಕ್ಕನ ಕ್ಲಾಸು ಆಮೇಲೆ. ಬೆಳಗ್ಗೆ ಹಳೆಯ ವರ್ಷನ್, ಸಂಜೆ ಹೊಸದು. ಯಾರಿಗೂ ಹೇಳಿಲ್ಲ. ಒಂದು ಸೈಟನ್ನು ಬೇರೆ ಹೋಸ್ಟಿಂಗಿಗೆ ಎತ್ತಿ ಹಾಕುವುದೇ ಸರಿ... ಮೈಯಲ್ಲಿ ತ್ರಾಣವಿಲ್ಲ. ಮುಂದಿನ ವಾರ.

ಜೂನ್ 17

ಬರೆಯುವುದಕ್ಕೇನಿದೆ? ಬೆಳಗ್ಗೆ ಹಳೆಯದು, ಸಂಜೆ ಹೊಸದು. ನಿನ್ನೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಫೋನಿನಲ್ಲಿ ಬದಲಿಸಿದೆ. "ಅಷ್ಟೊಂದು ಅರ್ಜೆಂಟಾ?" ಎಂದರು. ಬಾಯಲ್ಲಿ ಹತ್ತಿ. ಉತ್ತರ ಕೊಡುವುದು ತಪ್ಪಿತು.

ಕ್ಲಾಸಿಗೆ ಸೇರಿದವರು ನಾಲ್ಕೇ ಜನ. "ಮೊದಮೊದಲು ಹೀಗೇ ಕಣೋ, ಸಪ್ಪಗಾಗ್ಬೇಡ," ಅಂತ ಅವಳೇ ನನಗೆ ಸಮಾಧಾನ ಹೇಳುತ್ತಾಳೆ. ಎತ್ತಿ ಹಾಕುವ ಕೆಲಸ — ಮುಂದಿನ ವಾರ.

ಜೂನ್ 21, ಶನಿವಾರ, ಮಧ್ಯಾಹ್ನ

ಭಾವ ಬಂದಿದ್ದಾರೆ. ಕೂಗಾಡಿದ್ದರೆ ಜಗಳವಾಡಬಹುದಿತ್ತು. ಮೆತ್ತಗೆ ಮಾತಾಡಿದರು. "ದಿನಾ ಆಫೀಸಿನಿಂದ ತೆಗೆದು ನೋಡ್ತೀನಿ. ತೆರೆಯೋದೇ ಇಲ್ಲ. ಇದನ್ನ ನಂಬ್ಕೊಂಡು ಎಷ್ಟು ದಿನ ಕೂತಿರ್ತೀಯ?" ಫೋನ್ ಮುಂದೆ ಹಿಡಿದರು. ಬಿಳಿ ಪುಟ.

ಅಕ್ಕ ತಲೆ ತಗ್ಗಿಸಿದಳು. "ಪಕ್ಕದ ಬೀದಿಯವರೂ ಅಂದಿದ್ರು. ತಮ್ಮ ನೊಂದ್ಕೋತಾನೆ ಅಂತ ಸುಮ್ಮನಿದ್ದೆ." ಒಳಗೆ ಹೋಗಿ ಬಟ್ಟೆ ತುಂಬುತ್ತಿದ್ದಾಳೆ.

ಹೆಂಗಸರಿಗೆ ಬಿಡುವಾಗುವುದೇ ಹಗಲು, ಮಕ್ಕಳು ಶಾಲೆಗೆ ಹೋದಮೇಲೆ. ಆ ಹೊತ್ತಿಗೇ ನಾನು ಬಾಗಿಲು ಜಡಿದು ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಹೊಸದಕ್ಕೆ ಹಾಕಿದೆ. ಲ್ಯಾಪ್‌ಟಾಪ್ ಹಿಡಿದು ಒಳಗೆ ಹೋಗಿ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರೆ ಹಗಲೆಲ್ಲ ನನ್ನ ಅಂಗಡಿ ಮುಚ್ಚಿಟ್ಟಿದ್ದೆ."

"ಹೂಂ."

"ಜನ ಬರ್ತಿಲ್ಲ, ನನಗೇ ಕಲಿಸೋಕೆ ಬರಲ್ಲ ಅಂದ್ಕೊಂಡಿದ್ನಲ್ಲೋ..." ಅತ್ತಳು. ಕಣ್ಣೊರೆಸಿಕೊಂಡು ಹೊರಗೆ ಹೋದಳು. ಅವಳ ದನಿ ಇಲ್ಲಿಗೂ ಕೇಳಿಸಿತು — "ನೀವೀಗ ಹೊರಡಿ. ನಾಳೆ ಆಫೀಸಿಗೆ ರಜ, ಸೋಮವಾರ ತೆಗೆದು ನೋಡಿ. ತೆರೆಯುತ್ತೆ."

ಸೋಮವಾರ. ಹಗಲು ಹೊತ್ತು.

ಬೆಳಗ್ಗೆ ಹಳೆಯದಕ್ಕೆ ತಿರುಗಿಸಲಿಲ್ಲ. ಫೋನ್ ಬಡಿದುಕೊಳ್ಳುತ್ತಿದೆ. ಪ್ರೆಸ್ ಯಜಮಾನರು. ನಿಂತಿತು. ಮತ್ತೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಎತ್ತಲೇಬೇಕು. ಹೇಳಬೇಕಾದದ್ದನ್ನು ಒಂದು ಸಲ ಬರೆದುಕೊಳ್ಳುತ್ತೇನೆ —

ಯಜಮಾನರೇ, ನಿಮ್ಮ ಸೈಟು ಇವತ್ತಿನಿಂದ...